ಎಂಜಿನ್ನಿನ ಕಿವಿ

ಇಂದು ನಾನು ಒಂದು ಕಿವಿಯ ವಿಚಾರವನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಅದು ಮನುಷ್ಯನ ಕಿವಿಯಲ್ಲ, ಮೋಟಾರು ಗಾಡಿಯ ಕಿವಿ. ಗಾಡಿಗೂ ಕಿವಿಯಿರುತ್ತದೆಯೇ ಎಂದು ನೀವು ನಗಬಹುದು. ಇತ್ತೀಚಿನವರೆಗೆ ನಾನೂ ಅದನ್ನು ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಂಡವನಲ್ಲ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ಮಾಸ್ತರ ನಾನು. ಶಬ್ದದ ಪಾಠವನ್ನೂ ಉಷ್ಣದ ಪಾಠವನ್ನೂ ಎಷ್ಟು ಸಲ ಒಪ್ಪಿಸಿದ್ದೇನೋ ಲೆಕ್ಕವಿಲ್ಲ. ಆದರೆ ಆ ಎರಡು ಪಾಠಗಳು ಒಂದೇ ಲೋಹದ ಗೋಡೆಯ ಮೇಲೆ ಕೂಡುವ ಜಾಗವೊಂದಿದೆ ಎಂಬುದು ನನಗೆ ನಿಜವಾಗಿ ಮನದಟ್ಟಾದುದು, ನನ್ನದೇ ಒಂದು ತಪ್ಪು ಮಾತಿನಿಂದ ನನ್ನ ಅಕ್ಕನ ಮಗನ ಗಾಡಿ ಕೆಟ್ಟು ನಿಂತ ಮೇಲೆಯೇ.

ನಮ್ಮ ಊರು ವಿಜಯಪುರದ ಸಮೀಪದ ಅರಕೇರಿ. ಅಮೋಘಸಿದ್ಧನ ಜಾತ್ರೆಯಿಂದಾಗಿ ಆ ಹೆಸರು ನಿಮ್ಮಲ್ಲಿ ಹಲವರಿಗೆ ಪರಿಚಿತವಿರಬಹುದು. ನನ್ನ ಅಳಿಯ ಅಲ್ಲಿಂದ ವಿಜಯಪುರಕ್ಕೂ ತಿಕೋಟಾಕ್ಕೂ ಪೆಟ್ರೋಲಿನ ವ್ಯಾನೊಂದನ್ನು ಬಾಡಿಗೆಗೆ ಓಡಿಸುತ್ತಾನೆ. ಸಾಲ ಮಾಡಿ ಕೊಂಡ ಹಳೆಯ ಗಾಡಿ. ಮನೆಯ ಐದು ಮಂದಿಯ ಅನ್ನ ಅದರ ನಾಲ್ಕು ಗಾಲಿಗಳ ಮೇಲೆ ನಿಂತಿದೆ. ಒಂದು ದಿನ ಬೆಳಗ್ಗೆ ಅವನಿಂದ ನನಗೆ ಫೋನು ಬಂದಿತು. "ಮಾಮಾ, ಮುಂದಿನ ಬೋರ್ಡಿನ್ಯಾಗ ಎಂಜಿನ್ ದೀಪಾ ಹತ್ತೇತಿ. ಮಂದಿ ತುಂಬಿದ್ರ ಗಾಡಿ ಏರು ಏರವಲ್ದು, ಪಿಕಪ್ಪ ಇಲ್ಲ" ಎಂದ. ನಿಂತಲ್ಲಿ ಎಂಜಿನ್ನು ಎಂದಿನಂತೆಯೇ ತಿರುಗುತ್ತಿತ್ತು. ಖಾಲಿ ಗಾಡಿ ಸಪಾಟು ದಾರಿಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಭಾರ ಬಿದ್ದಾಗ ಮಾತ್ರ ಮೈಗಳ್ಳನಂತೆ ಹಿಂದೆಗೆಯುತ್ತಿತ್ತು. ಪೆಟ್ರೋಲೂ ಹೆಚ್ಚು ಕುಡಿಯತೊಡಗಿತ್ತು.

ದಾರಿಯ ಪಕ್ಕದ ಗ್ಯಾರೇಜೊಂದರಲ್ಲಿ ಸ್ಕ್ಯಾನರು ಹಚ್ಚಿ ನೋಡಿದರು. ಪಿ-0325 ಎಂಬ ಸಂಕೇತ ಬಂದಿತು. ಅದು 'ನಾಕ್ ಸೆನ್ಸರ್' ಎಂಬ ಭಾಗದ ವಿದ್ಯುನ್ಮಾರ್ಗದಲ್ಲಿ ದೋಷವಿದೆಯೆಂದು ಸೂಚಿಸುವ ಅಂಕಿ. ಕಣಿಕೆಯ ಬಣವೆಯ ಹತ್ತಿರ ನಿಲ್ಲಿಸಿದ್ದ ಗಾಡಿಯೊಳಗೆ ಇಲಿ ಹೊಕ್ಕು ಆ ತಂತಿಯನ್ನು ಕಡಿದು, ಜೋಡಣೆಯನ್ನೂ ಹಾಳುಮಾಡಿತ್ತು. ಹೊಸ ಸೆನ್ಸರು ತರಿಸಿದರು. ಆದರೆ ಅದನ್ನು ಕೂಡಿಸಬೇಕಾದ ಜಾಗ ಎಂಜಿನ್ನಿನ ಗಾಳಿಕೊಳವೆಗಳ ಅಡಿಯಲ್ಲಿ, ಕೈಗೆ ಸಿಗದಂಥ ಮೂಲೆಯಲ್ಲಿತ್ತು. ಮೇಲಿನದನ್ನೆಲ್ಲ ಬಿಚ್ಚಲು ಒಂದು ದಿನ ಹಿಡಿಯುತ್ತದೆ, ಒಂದು ದಿನದ ಬಾಡಿಗೆ ಹೋಗುತ್ತದೆ. ಗ್ಯಾರೇಜಿನವನು ಸುಲಭದ ಉಪಾಯ ಕಂಡುಕೊಂಡ. ತಂತಿಯನ್ನು ಉದ್ದಮಾಡಿ, ಹೊಸ ಸೆನ್ಸರನ್ನು ಹತ್ತಿರದ ರಬ್ಬರು ಕೊಳವೆಯೊಂದಕ್ಕೆ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿಬಿಟ್ಟ. ದೀಪ ಆರಿತು. ಪಿಕಪ್ಪು ಮರಳಿ ಬಂದಿತು. ಅಳಿಯ ಆ ಗಾಡಿಯನ್ನು ನನಗೆ ತೋರಿಸಲು ತಂದು, "ಹಿಂಗ ಕಟ್ಯಾರ, ನಡೀತೈತಿಲ್ಲ ಮಾಮಾ?" ಎಂದು ಕೇಳಿದ. ನಾನು ಬಗ್ಗಿ ನೋಡಿದೆ. ತಂತಿ ಕೂಡಿದೆ, ದೀಪ ಆರಿದೆ, ಗಾಡಿ ಓಡುತ್ತಿದೆ. "ನಡೆಯುತ್ತದೆ, ಚಿಂತೆ ಮಾಡಬೇಡ" ಎಂದೆ. ನನ್ನ ತಪ್ಪು ಮಾತು ಇದೇ.

ಎರಡು ತಿಂಗಳು ಕಳೆದವು. ಬೇಸಗೆ ಬಂದಿತು. ನಮ್ಮ ಸೀಮೆಯ ಬೇಸಗೆ ನಿಮಗೆ ಗೊತ್ತೇ ಇದೆ. ಒಂದು ಮಧ್ಯಾಹ್ನ ಮದುವೆಯ ಮಂದಿಯನ್ನು ತುಂಬಿಕೊಂಡು ಏರು ಏರುತ್ತಿದ್ದಾಗ ಗಾಡಿ ಹೊಗೆ ಕಾರಿ, ನಡುಗಿ, ನಿಂತುಬಿಟ್ಟಿತು. ವಿಜಯಪುರದ ಹಿರಿಯ ಮಿಸ್ತ್ರಿಯೊಬ್ಬರು ಎಂಜಿನ್ನನ್ನು ಬಿಚ್ಚಿ ಪಿಸ್ಟನ್ನೊಂದನ್ನು ನನ್ನ ಅಂಗೈಯಲ್ಲಿಟ್ಟರು. ಅದರ ಉಂಗುರಗಳು ಕೂಡುವ ಅಂಚು ಮುರಿದಿತ್ತು. ತಲೆಯ ಅಂಚಿನ ಉದ್ದಕ್ಕೂ ಮರಳಿನಿಂದ ಕೆತ್ತಿದಂತೆ ಸಣ್ಣ ಸಣ್ಣ ಕುಳಿಗಳಿದ್ದವು. ಕೊಳವೆಗೆ ಕಟ್ಟಿದ್ದ ಸೆನ್ಸರನ್ನು ಅವರು ಎರಡು ಬೆರಳಲ್ಲಿ ಎತ್ತಿ ಹಿಡಿದು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: "ಮಾಸ್ತರ್ರ, ಕಿವಿ ತಗದು ಅಂಗಿ ಕಿಸೇದಾಗ ಇಟಗೊಂಡ್ರ ಕೇಳತೈತೇನ್ರಿ?"

ಈ ಒಂದು ಪ್ರಶ್ನೆಯನ್ನು ಬಿಡಿಸುವುದೇ ಇಂದಿನ ನನ್ನ ಮಾತಿನ ಉದ್ದೇಶ. ತಂತಿ ಕಡಿದಿದ್ದಾಗ ಗಾಡಿ ಸೋಮಾರಿಯಾಗಿತ್ತು, ಆದರೆ ಮುರಿಯಲಿಲ್ಲ. ತಂತಿ ಕೂಡಿದ ಮೇಲೆ ಹುರುಪಿನಿಂದ ಓಡಿತು, ಆದರೆ ಮುರಿಯಿತು. ಇದೇಕೆ ಹೀಗೆ?

ಮೊದಲು ಎಂಜಿನ್ನಿನ ಒಳಗೆ ನಡೆಯುವುದೇನೆಂಬುದನ್ನು ನೋಡೋಣ. ಪೆಟ್ರೋಲ್ ಎಂಜಿನ್ನಿನಲ್ಲಿ ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತ ಮಿಶ್ರಣವನ್ನು ಪಿಸ್ಟನ್ನು ಮೇಲಕ್ಕೆ ಒತ್ತಿ ಹಿಂಡುತ್ತದೆ. ಆಗ ಸ್ಪಾರ್ಕ್ ಪ್ಲಗ್ಗು ಕಿಡಿ ಹಾರಿಸುತ್ತದೆ. ಬೆಂಕಿ ಒಮ್ಮೆಗೇ ಎಲ್ಲೆಡೆ ಹತ್ತುವುದಿಲ್ಲ. ಒಣಹುಲ್ಲಿನ ಬಯಲಿಗೆ ಒಂದು ಮೂಲೆಯಿಂದ ಬೆಂಕಿ ಹಿಡಿದಂತೆ ಜ್ವಾಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುತ್ತ ಹೋಗುತ್ತದೆ. ಅದಕ್ಕೆ ಸೆಕೆಂಡಿನ ಸಾವಿರದಲ್ಲಿ ಎರಡು ಮೂರು ಭಾಗದಷ್ಟು ಹೊತ್ತು ಬೇಕು. ಆದಕಾರಣ ಪಿಸ್ಟನ್ನು ತುದಿ ಮುಟ್ಟುವುದಕ್ಕೆ ತುಸು ಮೊದಲೇ ಕಿಡಿ ಹಾರಬೇಕು. ಎಷ್ಟು ಮೊದಲು ಎಂಬುದನ್ನು ಎಂಜಿನ್ನಿನ ದಂಡ ತಿರುಗುವ ಕೋನದಲ್ಲಿ, ಡಿಗ್ರಿಗಳಲ್ಲಿ ಅಳೆಯುತ್ತಾರೆ. ಸರಿಯಾದ ಕ್ಷಣದಲ್ಲಿ ಕಿಡಿ ಹಾರಿದರೆ ಒತ್ತಡದ ಪೂರ್ಣ ಬಲ ಪಿಸ್ಟನ್ನು ಇಳಿಯತೊಡಗಿದಾಗ ಅದರ ಬೆನ್ನಿಗೆ ಬೀಳುತ್ತದೆ. ತೂಗುಯ್ಯಾಲೆಯನ್ನು ಹಿಂತಿರುಗುವ ಕ್ಷಣದಲ್ಲಿ ನೂಕಿದ ಹಾಗೆ.

ಕಿಡಿ ತೀರ ಬೇಗ ಹಾರಿದರೆ, ಅಥವಾ ಗಾಳಿ ಬಿಸಿಯಾಗಿದ್ದರೆ, ಭಾರ ಹೆಚ್ಚಾಗಿದ್ದರೆ, ಪೆಟ್ರೋಲು ಕೀಳುದರ್ಜೆಯದಾಗಿದ್ದರೆ ಬೇರೊಂದು ಅನಾಹುತ ನಡೆಯುತ್ತದೆ. ಜ್ವಾಲೆ ಇನ್ನೂ ತಲುಪದ ಮೂಲೆಯ ಮಿಶ್ರಣವು ಒತ್ತಡವನ್ನೂ ಕಾವನ್ನೂ ತಾಳಲಾರದೆ ತಾನಾಗಿಯೇ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಒತ್ತಡದ ಅಲೆಗಳು ಸಿಲಿಂಡರಿನ ಗೋಡೆಯಿಂದ ಗೋಡೆಗೆ ಬಡಿದಾಡುತ್ತವೆ. ಹೊರಗೆ ನಮಗೆ ಕೇಳಿಸುವುದು ಡಬ್ಬಿಯೊಳಗೆ ಗುಂಡು ಅಲುಗಿಸಿದಂಥ ಟಕಟಕ ಸಪ್ಪಳ. ಇದನ್ನೇ 'ನಾಕಿಂಗ್' ಎನ್ನುತ್ತಾರೆ. ನಾವು ಬಡಿತವೆನ್ನೋಣ. ಸಿಲಿಂಡರಿನ ಗೋಡೆಗೆ ಅಂಟಿ ಅದನ್ನು ಕಾವಿನಿಂದ ಕಾಯುವ ತೆಳುವಾದ ತಂಪು ಗಾಳಿಯ ಪದರ ಈ ಅಲೆಗಳಿಂದ ಹರಿದುಹೋಗುತ್ತದೆ. ಆಮೇಲೆ ಲೋಹವೇ ಬೆಂಕಿಗೆ ಮೈಯೊಡ್ಡುತ್ತದೆ. ನಮ್ಮ ಪಿಸ್ಟನ್ನಿನ ಮೇಲಿದ್ದ ಕುಳಿಗಳು ಆ ಹೋರಾಟದ ಗಾಯಗಳು.

ಬಡಿತದ ಸಮಸ್ಯೆ ಎಂಜಿನ್ನಿನಷ್ಟೇ ಹಳೆಯದು. ಅಮೆರಿಕದಲ್ಲಿ 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಕಂಪನಿಯ 'ಮಾಡೆಲ್ ಟಿ' ಗಾಡಿಯಲ್ಲಿ ಸ್ಟೀಯರಿಂಗಿನ ಕೆಳಗೆ ಒಂದು ಸಣ್ಣ ಹಿಡಿಕೆಯಿತ್ತು. ಕಿಡಿಯ ವೇಳೆಯನ್ನು ಚಾಲಕನೇ ಆ ಹಿಡಿಕೆಯಿಂದ ಹಿಂದೆ ಮುಂದೆ ಮಾಡಬೇಕಿತ್ತು. ಏರಿನಲ್ಲಿ ಬಡಿತ ಕೇಳಿದರೆ ಕಿಡಿಯನ್ನು ತಡಮಾಡುತ್ತಿದ್ದ. ಸಪ್ಪಳ ನಿಂತರೆ ಮತ್ತೆ ಮುಂದೂಡುತ್ತಿದ್ದ. ಅಂದರೆ ಆ ಕಾಲದಲ್ಲಿ ಎಂಜಿನ್ನಿನ ಕಿವಿ ಚಾಲಕನ ತಲೆಯ ಮೇಲೆಯೇ ಇತ್ತು.

ಅನಂತರ ಮನುಷ್ಯ ಬೇರೊಂದು ದಾರಿ ಹಿಡಿದ. ಬಡಿತವನ್ನು ಕೇಳುವ ಬದಲು ಅಡಗಿಸುವ ದಾರಿ ಅದು. 1921ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಪ್ರಯೋಗಾಲಯದಲ್ಲಿ ಥಾಮಸ್ ಮಿಜ್‌ಲಿ ಎಂಬಾತ ಸೀಸದ ಒಂದು ಸಂಯುಕ್ತವನ್ನು ಪೆಟ್ರೋಲಿಗೆ ಬೆರೆಸಿದರೆ ಬಡಿತ ನಿಲ್ಲುವುದೆಂದು ಕಂಡುಕೊಂಡ. ಎಂಜಿನ್ನು ಮೌನವಾಯಿತು. ಆದರೆ ಸೀಸ ವಿಷ. ಹೊಗೆಯೊಡನೆ ಅದು ಬೀದಿಗಳಿಗೂ ಮಕ್ಕಳ ರಕ್ತಕ್ಕೂ ಸೇರಿತು. ಬೆಳೆಯುವ ಮಿದುಳನ್ನು ಕೆಡಿಸಿತು. ಆ ಮೌನದ ಬೆಲೆಯನ್ನು ಜಗತ್ತು ಸುಮಾರು ನೂರು ವರ್ಷ ತೆತ್ತಿತು. ನಮ್ಮ ದೇಶದಲ್ಲಿ 2000ದ ಫೆಬ್ರುವರಿ 1ರಿಂದ ಎಲ್ಲೆಡೆ ಸೀಸರಹಿತ ಪೆಟ್ರೋಲು ಬಂದಿತು. ಗಾಡಿಗಳ ಪೆಟ್ರೋಲಿನಲ್ಲಿ ಸೀಸವನ್ನು ಕೊನೆಯದಾಗಿ ಕೈಬಿಟ್ಟ ದೇಶ ಅಲ್ಜೀರಿಯಾ, ಅದು 2021ರಲ್ಲಿ.

ಅಡಗಿಸುವ ದಾರಿ ಮುಚ್ಚುತ್ತ ಬಂದಂತೆ ಕೇಳುವ ದಾರಿ ಮತ್ತೆ ತೆರೆಯಿತು. ಈ ಸಲ ಕೇಳುವ ಕೆಲಸ ಚಾಲಕನದಲ್ಲ, ಯಂತ್ರದ್ದೇ ಆಯಿತು. ಅಮೆರಿಕದ ಬ್ಯೂಕ್ ಕಂಪನಿ ತನ್ನ 1978ರ ಮಾದರಿಯ ಟರ್ಬೊ ಎಂಜಿನ್ನಿಗೆ ಇಂಥ ಕಿವಿಯನ್ನು ಕೂಡಿಸಿತು. 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸಾಬ್ ಕಂಪನಿಯೂ ಅದೇ ದಾರಿಯಲ್ಲಿ ನಡೆಯಿತು. ಇಂದು ನಮ್ಮ ರಸ್ತೆಗಳಲ್ಲಿ ಓಡುವ ಪೆಟ್ರೋಲ್ ಕಾರುಗಳಲ್ಲಿ ಅದು ಸಾಮಾನ್ಯ ಅವಯವವಾಗಿದೆ.

ಈ ಕಿವಿಯ ರಚನೆ ಬಹಳ ಸರಳ. ಅಡುಗೆಮನೆಯಲ್ಲಿ ಗ್ಯಾಸಿನ ಒಲೆ ಹೊತ್ತಿಸುವ ಲೈಟರನ್ನು ನೀವೆಲ್ಲ ಬಲ್ಲಿರಿ. ಅದರಲ್ಲಿ ಬ್ಯಾಟರಿಯಿಲ್ಲ. ಗುಂಡಿಯನ್ನು ಒತ್ತಿದಾಗ ಒಳಗಿನ ಸಣ್ಣ ಸುತ್ತಿಗೆ ಒಂದು ಹರಳಿನ ಮೇಲೆ ಬೀಳುತ್ತದೆ; ಪೆಟ್ಟು ತಿಂದ ಹರಳು ವಿದ್ಯುತ್ತನ್ನು ಹೊಮ್ಮಿಸುತ್ತದೆ. ಒತ್ತಡದಿಂದ ವಿದ್ಯುತ್ತು ಹುಟ್ಟುವ ಈ ಗುಣವನ್ನು 1880ರಲ್ಲಿ ಫ್ರಾನ್ಸಿನ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಸೋದರರು ಕಂಡುಹಿಡಿದರು. ನಾಕ್ ಸೆನ್ಸರಿನಲ್ಲಿಯೂ ಇಂಥದೇ ಒಂದು ಪಿಂಗಾಣಿಯ ಬಳೆಯಿದೆ. ಅದರ ಮೇಲೆ ಒಂದು ಪುಟ್ಟ ಲೋಹದ ತೂಕ. ಇಡಿಯದನ್ನು ಎಂಜಿನ್ನಿನ ಮೈಗೆ ಬೋಲ್ಟಿನಿಂದ ಬಿಗಿದಿರುತ್ತಾರೆ. ಮೈ ಕಂಪಿಸಿದಾಗ ತೂಕವು ತನ್ನ ಜಡತ್ವದಿಂದ ಬಳೆಯನ್ನು ಅದುಮುತ್ತದೆ. ಬಳೆ ಆ ಕಂಪನವನ್ನು ವಿದ್ಯುತ್ತಿನ ಭಾಷೆಗೆ ತಿರುಗಿಸುತ್ತದೆ. ಗಮನಿಸಿ, ಇದು ಗಾಳಿಯಲ್ಲಿ ತೇಲಿಬರುವ ಸದ್ದನ್ನು ಕೇಳುವ ಕಿವಿಯಲ್ಲ. ಕಂಬಿಗೆ ಕಿವಿ ಹಚ್ಚಿ ದೂರದ ರೈಲಿನ ಸದ್ದನ್ನು ಕೇಳುತ್ತೇವಲ್ಲ, ಅಂಥ ಕಿವಿ. ಮೈಗೆ ಮೈ ತಾಗಿದ್ದರೆ ಮಾತ್ರ ಅದಕ್ಕೆ ಕೇಳುತ್ತದೆ.

ಕವಾಟಗಳ ಬಡಿತ, ಸರಪಳಿಯ ಸದ್ದು, ರಸ್ತೆಯ ಅದುರು, ಇವೆಲ್ಲದರ ನಡುವೆ ಬಡಿತವೊಂದನ್ನೇ ಗುರುತಿಸುವುದು ಹೇಗೆ? ಇದಕ್ಕೆ ಗಾಡಿಯ ಗಣಕ, ಅಂದರೆ ಮಿಸ್ತ್ರಿಗಳು ಇಸಿಎಂ ಎನ್ನುವ ಕಂಪ್ಯೂಟರು, ಎರಡು ಯುಕ್ತಿಗಳನ್ನು ಬಳಸುತ್ತದೆ. ಮೊದಲನೆಯದು ಸ್ವರದ ಯುಕ್ತಿ. ವಿಜಯಪುರದ ಗೋಲಗುಮ್ಮಟದಲ್ಲಿ ನಿಂತು ಕೂಗಿದವರಿಗೆ ಇದು ಬೇಗ ತಿಳಿಯುತ್ತದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಆ ಗೋರಿಯ ಗುಮ್ಮಟ ಒಳಗೆ ಸುಮಾರು 38 ಮೀಟರು ಅಗಲವಿದೆ. ಮರುದನಿ ನಿಮ್ಮ ಕಿವಿಗೆ ಎಷ್ಟು ಹೊತ್ತಿಗೆ ಮರಳಬೇಕೆಂಬುದನ್ನು ಆ ಅಳತೆಯೇ ನಿಶ್ಚಯಿಸುತ್ತದೆ. ಸಿಲಿಂಡರೂ ಒಂದು ಪುಟ್ಟ ಗುಮ್ಮಟ. ಅದರ ಅಗಲ 70 ಮಿಲಿಮೀಟರಾದರೆ, ಒಳಗಿನ ಕಾದ ಅನಿಲದಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 8,000 ಸಲ ಹೊಯ್ದಾಡುತ್ತದೆ. ಸಿಲಿಂಡರು ಅಗಲವಾದಷ್ಟೂ ಈ ಸ್ವರ ಕೆಳಗಿಳಿಯುತ್ತದೆ. ಗಣಕವು ತನ್ನ ಎಂಜಿನ್ನಿನ ಆ ಸ್ವರವನ್ನು ಮೊದಲೇ ಬಲ್ಲದು. ಉಳಿದ ಸ್ವರಗಳನ್ನು ಸೋಸಿ ಬಿಡುತ್ತದೆ.

ಎರಡನೆಯದು ತಾಳದ ಯುಕ್ತಿ. ನಾನು ಹುಡುಗನಾಗಿದ್ದಾಗ ಅಮೋಘಸಿದ್ಧನ ಜಾತ್ರೆಯಲ್ಲಿ ಮುದುಕರೊಬ್ಬರು ಇಪ್ಪತ್ತು ಡೊಳ್ಳುಗಳ ಆರ್ಭಟದ ನಡುವೆ ಯಾರ ಪೆಟ್ಟು ತಪ್ಪಿತೆಂದು ಬೆರಳು ಮಾಡಿ ತೋರಿಸುತ್ತಿದ್ದರು. ಹೇಗೆಂದು ಕೇಳಿದೆ. "ಎಲ್ಲಾ ಕೇಳಾಕ ಹೋದರ ಏನೂ ಕೇಳಸಂಗಿಲ್ಲೋ ತಮ್ಮಾ. ಪೆಟ್ಟು ಬೀಳೂ ಜಾಗಾದಾಗ ಅಷ್ಟ ಕಿವಿ ಇಡಬೇಕು" ಎಂದರು. ಗಣಕ ಮಾಡುವುದೂ ಇದನ್ನೇ. ಕಿಡಿ ಹಾರಿ ಪಿಸ್ಟನ್ನು ತುದಿ ದಾಟಿದ ಮೇಲೆ, ಬಡಿತ ಹುಟ್ಟಬಹುದಾದ ಕೆಲವೇ ಡಿಗ್ರಿಗಳ ಅವಧಿಯಲ್ಲಿ ಮಾತ್ರ ಅದು ಕಿಟಕಿ ತೆರೆದು ಕೇಳುತ್ತದೆ. ಯಾವ ಸಿಲಿಂಡರಿನ ಸರದಿಯೆಂದು ಅದಕ್ಕೆ ಗೊತ್ತಿರುವುದರಿಂದ ತಪ್ಪಿದವನು ಯಾರೆಂಬುದೂ ಗೊತ್ತಾಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿಗಳು ಹಾರುತ್ತವೆ. ನೂರಕ್ಕೆ ನೂರನ್ನೂ ಈ ಕಿವಿ ಒಂದೊಂದಾಗಿ ಆಲಿಸಬಲ್ಲದು.

ಬಡಿತ ಕೇಳಿಸಿತೆನ್ನಿ. ಗಣಕ ಕೂಡಲೇ ಆ ಸಿಲಿಂಡರಿನ ಕಿಡಿಯನ್ನು ಎರಡು ಮೂರು ಡಿಗ್ರಿ ತಡಮಾಡುತ್ತದೆ. ಸಪ್ಪಳ ನಿಂತರೆ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಮತ್ತೆ ಹಳೆಯ ಜಾಗಕ್ಕೆ ತರುತ್ತದೆ. ಇಳಿಸುವುದು ಥಟ್ಟನೆ, ಏರಿಸುವುದು ಮೆಲ್ಲಗೆ. ಹೀಗೆ ಅಪಾಯದ ಅಂಚಿಗೆ ಹತ್ತಿರವಾಗಿ, ಆದರೆ ಅಂಚು ಮೀರದಂತೆ ನಡೆಯುವುದರಲ್ಲಿಯೇ ಇಂದಿನ ಎಂಜಿನ್ನಿನ ಶಕ್ತಿಯೂ ಉಳಿತಾಯವೂ ಅಡಗಿವೆ. ಅಂಚಿನಲ್ಲಿ ನಡೆಯುವವನಿಗೆ ಕಿವಿ ಚುರುಕಾಗಿರಬೇಕು.

ಈಗ ನಮ್ಮ ಪ್ರಶ್ನೆಗೆ ಬರೋಣ. ಕಿವಿ ಕಿತ್ತುಹೋದರೆ ಗಣಕ ಏನು ಮಾಡುತ್ತದೆ? ಮೊದಲು ಅದು ಕಿತ್ತುಹೋದದ್ದನ್ನು ತಿಳಿಯಬೇಕು. ಅದಕ್ಕೆ ಎರಡು ವಿಧಾನಗಳಿವೆ. ಕೆಲವು ಗಾಡಿಗಳಲ್ಲಿ ಗಣಕವು ಆ ತಂತಿಯ ಮೂಲಕ ಸಣ್ಣ ವಿದ್ಯುತ್ತನ್ನು ಹರಿಸಿ, ಮಾರ್ಗ ಅಖಂಡವಾಗಿದೆಯೇ ಎಂದು ಪರೀಕ್ಷಿಸುತ್ತಿರುತ್ತದೆ. ಇನ್ನು ಕೆಲವು ಗಣಕಗಳು ಇನ್ನೂ ಜಾಣ. ವೇಗ ಹೆಚ್ಚಿದಂತೆ ಎಂಜಿನ್ನಿನ ಸಾಮಾನ್ಯ ಗದ್ದಲವೂ ಹೆಚ್ಚಲೇಬೇಕು. ಹೆಚ್ಚದಿದ್ದರೆ ಕಿವಿ ಸುಳ್ಳು ಹೇಳುತ್ತಿದೆ ಎಂದು ತರ್ಕಿಸುತ್ತವೆ. ದೋಷ ಖಚಿತವಾದ ಮೇಲೆ ಎಂಜಿನ್ ದೀಪ ಹೊತ್ತುತ್ತದೆ. ಸಂಕೇತದ ಅಂಕಿ ದಾಖಲಾಗುತ್ತದೆ. ಆಮೇಲೆ ಗಣಕ ವಿವೇಕಿಯ ಕೆಲಸ ಮಾಡುತ್ತದೆ. 'ನನಗೀಗ ಕೇಳಿಸದು, ಅಂಚಿನ ಹತ್ತಿರ ಹೋಗುವುದು ತರವಲ್ಲ' ಎಂದುಕೊಂಡು, ಭಾರ ಬಿದ್ದ ಹೊತ್ತಿನಲ್ಲೆಲ್ಲ ಎಲ್ಲ ಸಿಲಿಂಡರುಗಳ ಕಿಡಿಯನ್ನೂ ಹಲವು ಡಿಗ್ರಿ ಮುಂಚಿತವಾಗಿಯೇ ತಡಮಾಡಿ ಇಡುತ್ತದೆ. ಟರ್ಬೊ ಇರುವ ಗಾಡಿಯಾದರೆ ಗಾಳಿಯ ಒತ್ತಡವನ್ನೂ ಇಳಿಸುತ್ತದೆ. ಪಿಕಪ್ಪು ಹೋಗುತ್ತದೆ, ಪೆಟ್ರೋಲು ಹೆಚ್ಚು ಸುಡುತ್ತದೆ, ಹೊಗೆಕೊಳವೆ ಹೆಚ್ಚು ಕಾಯುತ್ತದೆ. ಆದರೆ ಎಂಜಿನ್ನು ಉಳಿಯುತ್ತದೆ. ನಿಂತಲ್ಲಿ ತಿರುಗುವಾಗ ಬಡಿತದ ಭಯವಿಲ್ಲದ್ದರಿಂದ ಅಲ್ಲಿ ಯಾವ ವ್ಯತ್ಯಾಸವೂ ಕಾಣದು. ನಮ್ಮ ಗಾಡಿ ಮೊದಲ ವಾರ ತೋರಿದ ಸೋಮಾರಿತನ ರೋಗವಲ್ಲ, ಪಥ್ಯ. ನಾವು ಪಥ್ಯವನ್ನೇ ರೋಗವೆಂದು ಬಗೆದೆವು.

ಕೊಳವೆಗೆ ಕಟ್ಟಿದ ಸೆನ್ಸರಿನ ಕಥೆ ಬೇರೆ. ಅದರ ತಂತಿ ಅಖಂಡವಾಗಿತ್ತು. ನಮ್ಮದು ತಂತಿಯನ್ನಷ್ಟೇ ಪರೀಕ್ಷಿಸುವ ಜಾತಿಯ ಗಣಕ. ಅದು ತಂತಿಯನ್ನು ಮುಟ್ಟಿ ನೋಡಿ, ಕಿವಿ ಇದೆಯೆಂದು ನಂಬಿ, ದೀಪವನ್ನು ಆರಿಸಿತು, ಪಥ್ಯವನ್ನು ಬಿಟ್ಟಿತು, ಕಿಡಿಯನ್ನು ಮತ್ತೆ ಅಂಚಿಗೆ ತಂದಿತು. ಆದರೆ ಮೆತ್ತಗಿನ ರಬ್ಬರಿನ ಮೇಲೆ ಕುಳಿತ ಆ ಕಿವಿಗೆ ಎಂಜಿನ್ನಿನ ಕಂಪನ ತಲುಪುತ್ತಲೇ ಇರಲಿಲ್ಲ. ಬೇಸಗೆಯ ಕಾವಿನಲ್ಲಿ, ತುಂಬಿದ ಗಾಡಿಯ ಏರಿನಲ್ಲಿ ಬಡಿತ ಶುರುವಾದಾಗ ಗಣಕಕ್ಕೆ ದೊರೆತದ್ದು ನಿಶ್ಶಬ್ದ. ನಿಶ್ಶಬ್ದವೆಂದರೆ ಕ್ಷೇಮವೆಂದೇ ಅದರ ಅರ್ಥಕೋಶದಲ್ಲಿ ಬರೆದಿದೆ. ಅದು ಕಿಡಿಯನ್ನು ತಡಮಾಡಲಿಲ್ಲ. ಚಾಲಕನಾದ ನನ್ನ ಅಳಿಯನಿಗಾದರೂ ಕೇಳಿಸಬಹುದಿತ್ತು. ಆದರೆ ಮದುವೆಯ ಮಂದಿಯ ಹಾಡು, ಮಾತು, ಕಿಟಕಿಯ ಗಾಳಿ ಅದನ್ನು ನುಂಗಿಬಿಟ್ಟವು. ಕಿವುಡನೆಂದು ತಿಳಿದವನು ರಸ್ತೆ ದಾಟುವಾಗ ಎರಡು ಸಲ ತಿರುಗಿ ನೋಡುತ್ತಾನೆ. ತನಗೆಲ್ಲ ಕೇಳುತ್ತದೆಂದು ನಂಬಿದ ಕಿವುಡನಿಗೆ ಆ ಎಚ್ಚರವೂ ಇರುವುದಿಲ್ಲ.

ಮೂರನೆಯ ಸ್ಥಿತಿಯೊಂದಿದೆ. ಅದು ಪರರ ಕಿವಿಯನ್ನು ತಂದು ಅಂಟಿಸುವುದು. ರಿಪೇರಿಯ ವೇಳೆ ನಮಗೆ ಇದರ ಅನುಭವವೂ ಆಯಿತು. ಅಂಗಡಿಯಿಂದ ತಂದ ಸೆನ್ಸರು ನೋಡಲು ಹಳೆಯದರಂತೆಯೇ ಇತ್ತು. ಮಿಸ್ತ್ರಿ ಅದರ ಮೇಲಿನ ಅಂಕಿಯನ್ನು ಓದಿ, "ಇದು ಈ ಗಾಡೀದಲ್ಲ, ತಿರುಗಿ ಕೊಟ್ಟು ಬರ್ರಿ" ಎಂದರು. ನಾಕ್ ಸೆನ್ಸರುಗಳಲ್ಲಿ ಎರಡು ಕುಲಗಳು. ಒಂದು ಯಾವುದೋ ಒಂದೇ ಸ್ವರಕ್ಕೆ ಶ್ರುತಿ ಮಾಡಿದ್ದು. ಆ ಸ್ವರಕ್ಕೆ ಮಾತ್ರ ತುಂಬ ಜೋರಾಗಿ ಮಿಡಿಯುತ್ತದೆ. ಇನ್ನೊಂದು ಅಗಲವಾದ ಸ್ವರಶ್ರೇಣಿಗೆಲ್ಲ ಸಮನಾಗಿ ಮಿಡಿಯುವಂಥದು. ಸೋಸುವ ಕೆಲಸ ಗಣಕದ್ದು. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಗಣಕ ಒಂದೋ ಇಲ್ಲದ ಬಡಿತವನ್ನು ಕೇಳಿ ಸದಾ ಹೆದರುತ್ತದೆ, ಇಲ್ಲವೇ ಇದ್ದ ಬಡಿತವನ್ನು ಕೇಳದೆ ಹೋಗುತ್ತದೆ. ಮೊದಲನೆಯದರಲ್ಲಿ ಹಣ ಹೋಗುತ್ತದೆ, ಎರಡನೆಯದರಲ್ಲಿ ಎಂಜಿನ್ನು.

ಸರಿಯಾದ ಸೆನ್ಸರು ಬಂದ ಮೇಲೆಯೂ ಕೂಡಿಸುವ ರೀತಿ ಮುಖ್ಯ. ಮಿಸ್ತ್ರಿ ಕೂಡಿಸುವ ಜಾಗದ ತುಕ್ಕನ್ನೂ ಜಿಡ್ಡನ್ನೂ ಉಜ್ಜಿ, ಲೋಹ ಹೊಳೆಯುವಂತೆ ಮಾಡಿದರು. ನಡುವೆ ವಾಷರು ಹಾಕಲಿಲ್ಲ. ಅಳತೆಯ ಪಾನಾ ಹಿಡಿದು ಬೋಲ್ಟನ್ನು 20 ನ್ಯೂಟನ್-ಮೀಟರಿನಷ್ಟು ಬಿಗಿದರು. ಇಂಥ ಸೆನ್ಸರುಗಳಿಗೆ ಸಾಮಾನ್ಯವಾಗಿ ಹೇಳುವ ಬಿಗಿ ಅದು. ಒಂದು ಮೀಟರು ಉದ್ದದ ಹಿಡಿಕೆಯ ತುದಿಗೆ ಎರಡು ಕಿಲೋ ತೂಗುಬಿಟ್ಟಷ್ಟು. ಸಡಿಲವಾದರೆ ಕಂಪನ ಸರಿಯಾಗಿ ದಾಟದು. ಅತಿಯಾಗಿ ಬಿಗಿದರೆ ಒಳಗಿನ ಬಳೆಯ ಮಿಡಿತವೇ ಬದಲಾಗುತ್ತದೆ, ಬಿರಿಯಲೂಬಹುದು. ಹತ್ತಿರದ ಯಾವುದಾದರೂ ತಗಡು ಸಡಿಲವಾಗಿ ಅಲುಗುತ್ತಿದೆಯೇ ಎಂದೂ ನೋಡಿದರು. ಅದರ ಗಿಲಿಗಿಲಿಯನ್ನು ಗಣಕ ಬಡಿತವೆಂದು ತಪ್ಪು ತಿಳಿಯಬಹುದು. ಕೊನೆಗೆ ಹಳೆಯ ಸಂಕೇತವನ್ನು ಅಳಿಸಿ, "ನಾಕ ದಿನಾ ಸಾವಕಾಶ ಓಡಸ್ರಿ, ಅದು ಮತ್ತ ಕಲಿಬೇಕು" ಎಂದರು.

ಆ 'ಕಲಿಯುವುದು' ಎಂಬ ಮಾತು ಬರಿಯ ಅಲಂಕಾರವಲ್ಲ. ಯಾವ ವೇಗದಲ್ಲಿ, ಯಾವ ಭಾರದಲ್ಲಿ ಬಡಿತ ಬಂದಿತ್ತೆಂಬುದನ್ನು ಅನೇಕ ಗಣಕಗಳು ನೆನಪಿಟ್ಟುಕೊಂಡು, ಮುಂದಿನ ಸಲ ಮೊದಲೇ ತಗ್ಗುತ್ತವೆ. ನೆನಪನ್ನು ಅಳಿಸಿದರೆ ಕಾರ್ಖಾನೆಯ ಪಾಠದಿಂದ ಮತ್ತೆ ಆರಂಭ. ಪೆಟ್ರೋಲು ಬದಲಾದರೂ ಹಾಗೆಯೇ. ಶೇಕಡ 20 ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆತದ್ದು 2023ರ ಫೆಬ್ರುವರಿಯಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ. ಎಥೆನಾಲ್ ಬಡಿತವನ್ನು ಪೆಟ್ರೋಲಿಗಿಂತ ಚೆನ್ನಾಗಿ ತಾಳುತ್ತದೆ. ಆವಿಯಾಗುವಾಗ ಒಳಗಿನ ಗಾಳಿಯನ್ನು ತಂಪುಮಾಡುತ್ತದೆ. ನಮ್ಮ ಸೀಮೆಯ ಕಬ್ಬಿನ ಗದ್ದೆಯಿಂದ ಹೊರಟ ರಸವೇ ಎಂಜಿನ್ನಿನ ಬಡಿತವನ್ನು ತಣಿಸುತ್ತದೆಂಬುದು ಸಂತೋಷದ ಸಂಗತಿ. ಆದರೆ ಈ ಗುಣದ ಲಾಭ ಪಡೆಯಬೇಕಾದರೂ ಗಣಕಕ್ಕೆ ಕೇಳುವ ಕಿವಿ ಬೇಕು. ಹೆಚ್ಚಿನ ಅವಕಾಶವಿದೆಯೆಂದು ಅದಕ್ಕೆ ತಿಳಿಸಿಕೊಡುವವರು ಬೇರಾರೂ ಇಲ್ಲ.

ರಿಪೇರಿಯ ಖರ್ಚಿನಲ್ಲಿ ಅರ್ಧವನ್ನು ನಾನೇ ಕೊಟ್ಟೆ. ಅಳಿಯ ಬೇಡವೆಂದ, "ನೀವೇನು ಮಾಡೀರಿ ಮಾಮಾ, ಕಟ್ಟಿದವರು ಅವರು" ಎಂದ. ಕಟ್ಟಿದವರಿಗೆ ತಿಳಿವಳಿಕೆ ಇರಲಿಲ್ಲ. ನನಗೆ ತಿಳಿದಿರಬೇಕಿತ್ತು. ಹರಳನ್ನು ಅದುಮಿದರೆ ವಿದ್ಯುತ್ತು ಬರುತ್ತದೆಂದು ವರ್ಷ ವರ್ಷವೂ ಕಪ್ಪುಹಲಗೆಯ ಮೇಲೆ ಬರೆದವನು, ಅದುಮುವವರೇ ಇಲ್ಲದ ಕಡೆ ಹರಳನ್ನು ತೂಗುಹಾಕಿದ್ದನ್ನು ಕಂಡೂ ನಡೆಯುತ್ತದೆ ಎಂದೆ. ನಾನು ನೋಡಿದ್ದು ದೀಪವನ್ನು; ದೀಪ ಆರಿದ್ದೇ ನನಗೆ ಸಾಕಾಗಿತ್ತು. ಗಣಕ ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ.

ಗಾಡಿ ಇರುವ ಕೇಳುಗರಿಗೆ ನನ್ನ ಬಿನ್ನಹ ಇಷ್ಟೇ. ಎಂಜಿನ್ ದೀಪ ಹೊತ್ತಿ ಗಾಡಿ ಮಂದವಾದರೆ ಅದರ ಮೇಲೆ ಸಿಟ್ಟಾಗಬೇಡಿ. ತನಗೆ ಏನೋ ಕೇಳಿಸುತ್ತಿಲ್ಲವೆಂದು ಅದು ಪ್ರಾಮಾಣಿಕವಾಗಿ ಹೇಳುತ್ತಿರಬಹುದು. ದೀಪವನ್ನು ಆರಿಸುವ ಉಪಾಯವನ್ನು ಹುಡುಕಬೇಡಿ. ಕಿವಿಯನ್ನು ಅದರ ಜಾಗದಲ್ಲಿ ಕೂಡಿಸುವವರನ್ನು ಹುಡುಕಿ.

ಕಳೆದ ವಾರ ಅಳಿಯನ ಪಕ್ಕದಲ್ಲಿ ಕುಳಿತು ಊರಿಗೆ ಹೋದೆ. ಏರು ಬಂದಾಗ ಅವನು ಟೇಪಿನ ಹಾಡನ್ನು ನಿಲ್ಲಿಸಿ, ಕಿಟಕಿಯ ಗಾಜನ್ನು ಏರಿಸಿ, ಒಂದು ಕ್ಷಣ ಸುಮ್ಮನಾದ. "ಏನೂ ಸಪ್ಪಳ ಇಲ್ಲ ಮಾಮಾ" ಎಂದ. "ಸಪ್ಪಳ ಇಲ್ಲವೋ, ನಮಗೆ ಕೇಳುತ್ತಿಲ್ಲವೋ?" ಎಂದೆ. ಅವನು ನಕ್ಕು, ಗಾಡಿಯ ವೇಗವನ್ನು ತುಸು ತಗ್ಗಿಸಿದ.